ಕತ್ತರಿ ಬಿದ್ದ ಟಗರು

ಗಾಣದ ಕಡಲೆಕಾಯಿ ಎಣ್ಣೆಯ ಡಬ್ಬಿ ತೆರೆದರೆ ನಮ್ಮ ಮನೆಯವರಿಗೆಲ್ಲ ಒಗ್ಗರಣೆ ನೆನಪಾಗುತ್ತದೆ. ನನಗೆ ಕುರಿ ನೆನಪಾಗುತ್ತದೆ. ಒದ್ದೆ ಉಣ್ಣೆಯ ಬುಡಕ್ಕೆ ಎಣ್ಣೆ ಸುರಿದು ಅಂಗೈಯಿಂದ ತಿಕ್ಕಿದಾಗ ಏಳುವ ವಾಸನೆ ಇದೆಯಲ್ಲ, ಅದು ಒಮ್ಮೆ ಮೂಗಿಗೆ ಹತ್ತಿದರೆ ಜನ್ಮಕ್ಕಂಟಿದಂತೆಯೇ. ಈಗ ನಾನು ಹಾವೇರಿ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಡಾಕ್ಟರು, ದಿನಕ್ಕೆ ಹತ್ತು ಬಗೆಯ ವಾಸನೆ ಹೊತ್ತು ಮನೆಗೆ ಬರುತ್ತೇನೆ. ಸ್ನಾನ ಮಾಡಿದರೆ ಎಲ್ಲ ಹೋಗುತ್ತವೆ. ಅದೊಂದು ಮಾತ್ರ ಹೋಗಿಲ್ಲ.

ಹೋದ ತಿಂಗಳು ಬಂಗಾರಪೇಟೆ ಕಡೆಯಿಂದ ವೆಂಕಟಮ್ಮನ ಫೋನ್ ಬಂತು. ಯಾವಾಗಲೂ ಊರಿನ ಸಮಾಚಾರವನ್ನೆಲ್ಲ ಒಪ್ಪಿಸಿಯೇ ಫೋನಿಡುವ ಹೆಂಗಸು, ಅವತ್ತು ಒಂದೇ ಮಾತು. "ಡಾಕ್ಟ್ರಮ್ಮ, ಒಂದ್ಕಿತ ಬಂದೋಗಿ. ಬರೋವಾಗ ಆ ಕೂದ್ಲು ತಕ್ಕಂಬನ್ನಿ."

ನನ್ನ ಬೀರುವಿನಲ್ಲಿ, ಥರ್ಮಾಮೀಟರಿನ ಹಳೆಯ ಡಬ್ಬಿಯೊಳಗೆ, ಒಂದು ಚಿಟಿಕೆ ಕಪ್ಪು ಉಣ್ಣೆ ಇತ್ತು. ಎಂಟು ವರ್ಷದಿಂದ ಅಲ್ಲೇ ಇತ್ತು. ಅವಳು ಅದನ್ನು ಕೇಳುವ ದಿನವೊಂದು ಬರುತ್ತದೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ರಾತ್ರಿಯ ರೈಲು ಹತ್ತಿದೆ. ದಾರಿಯುದ್ದಕ್ಕೂ ನೆನಪಾದದ್ದು ಆ ಒಂದು ಹಿಂಗಾರು.

ಆ ವರ್ಷ ನನ್ನ ಗಂಡನಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ. ಉರಿಗಾಂನಲ್ಲಿ, ಗಣಿ ನಡೆಯುತ್ತಿದ್ದ ಕಾಲದ ಒಂದು ಮನೆಯಲ್ಲಿ ಬಾಡಿಗೆಗಿದ್ದೆವು. ಹಿಂದಿನ ಕಿಟಕಿ ತೆರೆದರೆ ಸೈನೈಡ್ ದಿಬ್ಬ, ಚಿನ್ನ ತೆಗೆದುಕೊಂಡು ಸುರಿದ ಕಲ್ಲುಪುಡಿಯ ಗುಡ್ಡ. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯ ಮೇಲೆ ಬಿಳಿ ಪುಡಿ, ಮಳೆ ಬಂದರೆ ಅದೇ ಪುಡಿ ಅಂಟು. ಮದ್ರಾಸಿನ ಕಡೆ ಸಮುದ್ರ ಸ್ವಲ್ಪ ಮುನಿದರೂ ಸಾಕು, ನಮ್ಮಲ್ಲಿ ಮೂರು ದಿನ ಜಡಿ ಹಿಡಿಯುತ್ತಿತ್ತು. ಪಶುವೈದ್ಯೆಯ ಡಿಗ್ರಿ ಇಟ್ಟುಕೊಂಡು ಮನೆಯಲ್ಲಿ ಹಪ್ಪಳ ಒಣಗಿಸುತ್ತಿದ್ದ ನನಗೆ, ಕುರಿ ತಳಿ ಸುಧಾರಣೆಯ ಒಂದು ಯೋಜನೆಯಲ್ಲಿ ಆರು ತಿಂಗಳ ಕೆಲಸ ಸಿಕ್ಕಿತು. ಬದುಕಿರುವ ಟಗರುಮರಿಯ ಮೈಯೊಳಗೆ ಎಷ್ಟು ಮಾಂಸ, ಎಷ್ಟು ಕೊಬ್ಬು ಇದೆಯೆಂದು ಅಲ್ಟ್ರಾಸೌಂಡ್ ಹಾಕಿ ಅಳೆಯುವ ಕೆಲಸ.

ಊರಿನಿಂದ ಫೋನ್ ಮಾಡಿದ ನನ್ನ ಅತ್ತೆಗೆ ಇದನ್ನು ವಿವರಿಸಲು ಹೋಗಿ ಸೋತೆ. ಮೊಟ್ಟೆಯನ್ನೂ ಹೊಸ್ತಿಲ ಒಳಗೆ ಬಿಡದ ಮನೆ ನಮ್ಮದು.

"ಕುರಿಗೆ ಆರಾಮಿಲ್ಲೇನು?" ಎಂದು ಕೇಳಿದರು.

"ಆರಾಮ ಅದಾವ್ರಿ ಅತ್ತಿ."

"ಮತ್ತ ಯಾಕ ಸ್ಕ್ಯಾನಿಂಗು? ಬಸಿರಿರತಾವೇನು?"

"ಗಂಡು ಕುರೀರಿ ಅತ್ತಿ."

ಅತ್ತೆ ಫೋನಿಟ್ಟುಬಿಟ್ಟರು.

ವಿಷಯ ಇಷ್ಟೇ. ಯಾವ ಟಗರಿನ ಮೈಯಲ್ಲಿ ಮಾಂಸ ಚೆನ್ನಾಗಿ ಕಟ್ಟಿದೆಯೆಂದು ಖಚಿತವಾಗಿ ತಿಳಿಯಬೇಕಾದರೆ ಮೊದಲೆಲ್ಲ ಅದನ್ನು ಕಡಿಯಲೇಬೇಕಿತ್ತು. ಕಡಿದ ಮೇಲೆ ಒಳ್ಳೆಯ ಟಗರು ಎಂದು ಗೊತ್ತಾಗಿ ಏನು ಬಂತು? ಸತ್ತ ಟಗರಿಗೆ ಮರಿ ಹುಟ್ಟುವುದಿಲ್ಲ. ಈಗ ಕೊನೆಯ ಎರಡು ಪಕ್ಕೆಲುಬುಗಳ ನಡುವೆ, ಬೆನ್ನುಮೂಳೆಯ ಪಕ್ಕದಲ್ಲಿ ಅಂಗೈಯಗಲ ಉಣ್ಣೆ ಕತ್ತರಿಸಿ, ಎಣ್ಣೆ ಸವರಿ, ಯಂತ್ರದ ಹಿಡಿಯನ್ನು ಇಟ್ಟರೆ ಪರದೆಯ ಮೇಲೆ ಕಪ್ಪಗೆ, ಕೋಳಿಮೊಟ್ಟೆಯನ್ನು ಅಡ್ಡ ಮಲಗಿಸಿದಂಥ ಆಕಾರ ಕಾಣುತ್ತದೆ. ಅದು ಬೆನ್ನಿನ ಮಾಂಸ. ಅದರ ಮೇಲಿನ ಬಿಳಿ ಗೆರೆ ಕೊಬ್ಬು. ದಪ್ಪ ಅಳೆದು ಬರೆದುಕೊಂಡರೆ ಮುಗಿಯಿತು. ಎಲ್ಲಕ್ಕಿಂತ ಚೆನ್ನಾಗಿರುವ ಎರಡು ಟಗರು ಬೀಜಕ್ಕೆಂದು ಊರಲ್ಲೇ ಉಳಿಯುತ್ತವೆ, ಸಾಕಿದವರಿಗೆ ಬದಲಾಗಿ ಯೋಜನೆಯವರು ಎರಡೆರಡು ಮರಿ ಕೊಡುತ್ತಾರೆ. ಮಿಕ್ಕವು ಸಂತೆಗೆ. ಪರದೆಯ ಮೇಲಿನ ಒಂದು ಗೆರೆ ಒಂದು ಪ್ರಾಣಿಯ ಆಯುಸ್ಸು ಎನ್ನುವುದು ನನಗೆ ಮೊದಮೊದಲು ಹೊಳೆದಿರಲೇ ಇಲ್ಲ.

ಯಂತ್ರ ಹೇಳುವುದು ನಿಜವೇ ಎಂದು ಪರೀಕ್ಷಿಸಲು ವಾರಕ್ಕೊಮ್ಮೆ ಕೆಲವು ಕುರಿಗಳನ್ನು ಕಡಿಯುವ ಮೊದಲು ಸ್ಕ್ಯಾನ್ ಮಾಡಿ, ಕಡಿದ ಮೇಲೆ ಅಳೆದು, ತಾಳೆ ನೋಡಬೇಕಿತ್ತು. ಅದಕ್ಕೆ ಒಪ್ಪಿದವನು ಸೆಲ್ವಣ್ಣ. ನಮ್ಮ ಮನೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಅವನ ಮಟನ್ ಅಂಗಡಿ. ಕೋರಮಂಡಲ್ ಗಣಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ನೆಲದಡಿ ದುಡಿದವನು, ಗಣಿ ಮುಚ್ಚಿದ ಮೇಲೆ ಮಾವನ ಅಂಗಡಿಗೆ ಬಂದು ಕೂತವನು. ಮನೆಯಲ್ಲಿ ತಮಿಳು, ಹಳ್ಳಿಯವರೊಂದಿಗೆ ತೆಲುಗು, ನನ್ನೊಂದಿಗೆ ಅವನದೇ ಒಂದು ಕನ್ನಡ. ಕುರಿಯ ಬೆನ್ನಿನ ಮೇಲೆ ಹೆಬ್ಬೆರಳು ಒಂದು ಸಲ ಓಡಿಸಿ, "ಇದು ಸುಮಾರು," "ಇದು ಫಸ್ಟ್ ಕ್ಲಾಸ್," ಎನ್ನುತ್ತಿದ್ದ. ಮಾರನೆಯ ಬೆಳಿಗ್ಗೆ ಕಡಿದ ಮಾಂಸದ ಮೇಲೆ ಪಾರದರ್ಶಕ ಹಾಳೆಯಿಟ್ಟು ಗೆರೆ ಎಳೆದು ನೋಡಿದರೆ ಹೆಬ್ಬೆರಳು ಗೆದ್ದಿರುತ್ತಿತ್ತು, ಯಂತ್ರ ಸೋತಿರುತ್ತಿತ್ತು.

"ನೀವು ಮಾಂಸ ತಿನ್ನಲ್ಲ. ಆದ್ರೆ ಮಾಂಸಕ್ಕೆ ಮಾರ್ಕ್ಸ್ ಹಾಕ್ತೀರ," ಎಂದು ನಗುತ್ತಿದ್ದ. "ಪರವಾಗಿಲ್ಲಮ್ಮಾ. ನಾನೂ ಇಪ್ಪತ್ತು ವರ್ಷ ಚಿನ್ನ ತೆಗೆದೆ. ನನ್ನ ಹೆಂಡ್ತಿ ಕತ್ತಲ್ಲಿ ಕರಿಮಣಿ ಬಿಟ್ರೆ ಏನೂ ಇಲ್ಲ."

ಹಳ್ಳಿಗೆ ಮೊದಲ ಸಲ ಹೋದ ದಿನ ಅವನೇ ದಾರಿ ತೋರಿಸಲು ನನ್ನ ಸ್ಕೂಟರಿನ ಹಿಂದೆ ಕೂತು ಬಂದ. ಬಂಗಾರಪೇಟೆಯಿಂದ ಏಳೆಂಟು ಕಿಲೋಮೀಟರು, ರಾಗಿ ಹೊಲಗಳ ನಡುವೆ ಒಂದು ಸಣ್ಣ ಊರು. ಹಾಲಿನ ಡೈರಿಯ ಮುಂದಿನ ತಗಡಿನ ಚಪ್ಪರದಡಿ ಮೂವತ್ತು ಚಿಲ್ಲರೆ ಟಗರುಮರಿಗಳನ್ನು ಹಿಡಿದು ಜನ ನಿಂತಿದ್ದರು. ತುಂತುರು ಮಳೆ. ನಾನು ಬಹಳ ಹುರುಪಿನಲ್ಲಿದ್ದೆ. ಕತ್ತರಿ ತೆಗೆದು ಕಚ ಕಚ ಎಂದು ಐದು ಮರಿಗಳ ಬೆನ್ನಿನ ಉಣ್ಣೆ ತೆಗೆದುಬಿಟ್ಟೆ. ಆರನೆಯದು ನೆತ್ತಿಯ ಮೇಲೆ ಬಿಳಿ ಬೊಟ್ಟಿದ್ದ ಕರಿಯ ಮರಿ. ಅದಕ್ಕೂ ಕತ್ತರಿ ಇಟ್ಟಾಗ ಅದನ್ನು ಹಿಡಿದಿದ್ದ ಹೆಂಗಸು ಕಿರುಚಿದಳು.

"ಯಾರ್ನ ಕೇಳಿ ಕತ್ರಿ ಮಡಗಿದ್ರಿ? ನಾನು ಮಾರ್ತೀನಿ ಅಂದ್ನಾ?"

ಸುತ್ತ ನೋಡಿದೆ. ಯಾರ ಮುಖದಲ್ಲೂ ನಗುವಿಲ್ಲ. ಕತ್ತರಿ ಬಿದ್ದ ಐದು ಮರಿಗಳ ಯಜಮಾನರು ತಲೆತಗ್ಗಿಸಿ ನಿಂತಿದ್ದರು. ಒಬ್ಬಳು ಮುದುಕಿ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ. ಅಳುಕದೆ ನಿಂತಿದ್ದವನು ಸೆಲ್ವಣ್ಣ ಒಬ್ಬನೇ. ಅವನು ಹಣೆ ಚಚ್ಚಿಕೊಂಡ.

"ಐಯೋ ಅಮ್ಮಾ, ಇದು ನನ್ನ ತಪ್ಪು. ನಾನು ಹೇಳ್ಬೇಕಿತ್ತು."

ಆ ಸೀಮೆಯ ಸಂತೆಗಳಲ್ಲಿ ಕುರಿಯ ವ್ಯಾಪಾರ ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. ಕೊಂಡವನು ಕತ್ತರಿ ತೆಗೆದು ಕುರಿಯ ಬೆನ್ನಿನಿಂದ ಒಂದು ಚಿಟಿಕೆ ಉಣ್ಣೆ ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಕತ್ತರಿ ಬಿತ್ತೆಂದರೆ ಕುರಿ ಅವನದು. ಮಾರಿದವನು ಆಮೇಲೆ ಹಗ್ಗ ಮುಟ್ಟುವಂತಿಲ್ಲ, ಮನಸ್ಸು ಬದಲಾಯಿತು ಎನ್ನುವಂತಿಲ್ಲ. ಕಟುಕನನ್ನು ಬೆನ್ನಿಗೆ ಕೂರಿಸಿಕೊಂಡು ಬಂದು, ಕೇಳದೆ ಕೇಳಿಸದೆ ಕತ್ತರಿ ಆಡಿಸಿದ ನನ್ನನ್ನು ಅವರು ಏನೆಂದುಕೊಂಡಿರಬೇಡ!

"ಇದಕ್ಕೇನು ಪರಿಹಾರ?" ಎಂದೆ.

"ವ್ಯಾಪಾರ ಮುರಿದ್ರೆ ಕೂದ್ಲು ವಾಪಸ್ ಕೊಡ್ತಾರಮ್ಮಾ. ಕೈಯಲ್ಲಿ ಕೂದ್ಲು ಇಟ್ರೆ ಕುರಿ ಅವರದೇ."

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಕೆಸರಿನಲ್ಲಿ ಬಿದ್ದಿದ್ದ ಉಣ್ಣೆಯನ್ನು ನಾನು ಕುಕ್ಕರಗಾಲಲ್ಲಿ ಕೂತು ಆರಿಸಿದೆ. ಕರಿಯದು ಕರಿಯವರಿಗೆ, ಕಂದು ಕಂದಿನವರಿಗೆ. ಇಬ್ಬರ ಮರಿಗಳು ಒಂದೇ ಬಣ್ಣದವಾಗಿ ಸಣ್ಣ ಜಗಳವೂ ಆಯಿತು. ಒಬ್ಬೊಬ್ಬರ ಅಂಗೈಯಲ್ಲಿಟ್ಟು, "ತಗೋರಿ, ನಿಮ್ಮ ಮರಿ ನಿಮಗ," ಎಂದೆ. ನನ್ನ 'ರೀ'ಗೆ ಹುಡುಗಿಯರು ಕಿಸಕ್ಕೆಂದರು. ಕರಿಯ ಮರಿಯ ಹೆಂಗಸು ಮಾತ್ರ ನಗಲಿಲ್ಲ. ಅಂಗೈ ಚಾಚಿ ಉಣ್ಣೆ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಮರಿಯ ಕಿವಿಯಲ್ಲಿ ಏನೋ ಹೇಳಿದಳು. ಅವಳೇ ವೆಂಕಟಮ್ಮ. ಮರಿಯ ಹೆಸರು ಚುಕ್ಕ.

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಹದಿನೈದು ದಿನಕ್ಕೊಮ್ಮೆ ಹೋಗುವುದು, ಬೆಳೆದ ಉಣ್ಣೆ ಕತ್ತರಿಸುವುದು, ಸ್ಕ್ಯಾನ್ ಮುಗಿದ ಮೇಲೆ ಉಣ್ಣೆಯನ್ನು ಯಜಮಾನರ ಅಂಗೈಗೆ ವಾಪಸ್ ಇಡುವುದು. ಯೋಜನೆಯ ಯಾವ ಪುಸ್ತಕದಲ್ಲೂ ಈ ನಿಯಮ ಇರಲಿಲ್ಲ. ತರಿಸಿದ್ದ ಜೆಲ್ ಮುಗಿದುಹೋಗಿ ಹೊಸದು ಬರದೆ ನಿಂತಾಗ, ವೆಂಕಟಮ್ಮನೇ ಒಂದು ಸೀಸೆ ಗಾಣದೆಣ್ಣೆ ತಂದುಕೊಟ್ಟಳು. ಜೆಲ್‌ಗಿಂತ ಚೆನ್ನಾಗಿ ಚಿತ್ರ ಬಂತು.

ಎರಡನೆಯ ಭೇಟಿಯಲ್ಲೋ ಮೂರನೆಯದರಲ್ಲೋ ಅವಳ ಸಂಕಟ ಗೊತ್ತಾಯಿತು. ಚುಕ್ಕ ಹುಟ್ಟಿದ ದಿನವೇ ಅದರ ತಾಯಿ ಸತ್ತಿತ್ತು. ಸೀಸೆಯಲ್ಲಿ ಹಸುವಿನ ಹಾಲು ಕುಡಿಸಿ, ತನ್ನ ಮಂಚದ ಕೆಳಗೆ ಮಲಗಿಸಿ ಸಾಕಿದ್ದಳು. ಅಷ್ಟರಲ್ಲಿ ಮಗಳು ಶೋಭಾಳಿಗೆ ಮದುವೆ ಗೊತ್ತಾಯಿತು. ವೀಳ್ಯದ ಶಾಸ್ತ್ರದ ದಿನ, ಹತ್ತು ಜನರ ಮುಂದೆ, ಅವಳ ಗಂಡ ನಾರಾಯಣಪ್ಪ ಉತ್ಸಾಹದಲ್ಲಿ ಚುಕ್ಕನ ಬೆನ್ನು ತಟ್ಟಿ, "ಬೀಗ್ರೂಟಕ್ಕೆ ಇದೇ ಟಗರು," ಎಂದುಬಿಟ್ಟಿದ್ದ. ಮದುವೆಯಾದ ಮಾರನೆಯ ದಿನ ಗಂಡಿನ ಕಡೆಯವರಿಗೆ ಹಾಕುವ ಬಾಡೂಟ ಅದು. ಬೀಗರಿಗೆ ಕೊಟ್ಟ ಮಾತು ತಪ್ಪಿದರೆ ಮಗಳು ಬಾಳುವ ಮನೆಯಲ್ಲಿ ಅದು ಸಾಯುವವರೆಗೂ ಮಾತಾಗುತ್ತದೆ. ಗಂಡಿನ ಅಪ್ಪನಂತೂ ಆ ಕಡೆ ಹಾದುಹೋಗುವಾಗೆಲ್ಲ ಒಳಗೆ ಬಂದು ಚುಕ್ಕನ ಬೆನ್ನು ಅಮುಕಿ, "ಇನ್ನೊಂಚೂರು ಕಟ್ಲಿ," ಎಂದು ಕಾಫಿ ಕುಡಿದು ಹೋಗುತ್ತಿದ್ದರಂತೆ.

"ನಿಮ್ ಮಿಸನ್ನು ಇವನು ಒಳ್ಳೇನು ಅಂದ್ರೆ ಇವನು ಇಲ್ಲೇ ಇರ್ತಾನಾ ಡಾಕ್ಟ್ರಮ್ಮ?" ಎಂದು ವೆಂಕಟಮ್ಮ ಕೇಳಿದಳು, ಬೇರೆ ಯಾರಿಗೂ ಕೇಳಿಸದಂತೆ.

"ಇರ್ತಾನ. ಬದಲಿಗೆ ಎರಡು ಮರಿ ಕೊಡ್ತಾರ, ಅವನ್ನ ಬೀಗರೂಟಕ್ಕ ಮಾಡ್ಕೋಬಹುದು."

"ಸರ್ಕಾರದೋರು ಆರಿಸ್ಕಂಡ್ರು ಅಂದ್ರೆ ಬೀಗ್ರೂ ಏನೂ ಅನ್ನಂಗಿಲ್ಲ."

"ನಾವು ಸರ್ಕಾರದವರಲ್ಲ, ಯೋಜನೆಯವರು."

"ಯಾರೋ ಒಬ್ರು. ಆರಿಸ್ಕಂಡ್ರೆ ಸಾಕು." ಆಮೇಲೆ ಚುಕ್ಕನ ಕಡೆ ತಿರುಗಿ, "ಕೇಳಿಸ್ಕಂಡ್ಯೇನ್ಲಾ? ಮೈ ಕಟ್ಟು," ಎಂದು ಗದರಿದಳು.

ಅವತ್ತಿನಿಂದ ಆ ಮರಿಗೆ ಅಗಸೆಸೊಪ್ಪೇನು, ನೆನೆಸಿದ ಹುರುಳಿಯೇನು, ಹಿಂಡಿಯೇನು! ಬೀಗರು ತಮ್ಮ ಊಟಕ್ಕೆಂದು ಖುಷಿಪಟ್ಟರು. ನಾರಾಯಣಪ್ಪ ಹೆಂಡತಿಗೆ ಕೊನೆಗೂ ಬುದ್ಧಿ ಬಂತೆಂದು ಖುಷಿಪಟ್ಟ. ಅವಳು ಯಾಕೆ ತಿನ್ನಿಸುತ್ತಿದ್ದಾಳೆಂದು ಬಲ್ಲವಳು ನಾನೊಬ್ಬಳೇ.

ಇತ್ತ ಸೆಲ್ವಣ್ಣನ ಅಂಗಡಿಯಲ್ಲಿ ನನ್ನ ಯಂತ್ರ ವಾರದಿಂದ ವಾರಕ್ಕೆ ಸೋಲುತ್ತಲೇ ಇತ್ತು. ಪರದೆ ತೋರಿಸುವುದಕ್ಕಿಂತ ಕೊಬ್ಬು ಯಾವಾಗಲೂ ಹೆಚ್ಚಿರುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ಬರೆದು ಕಳಿಸೋಣವೆಂದುಕೊಂಡೆ. ಒಂದು ಸಂಜೆ ಅವನು ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ.

"ಮಿಷನ್ ಸರಿಯಾಗೇ ಇದೆ. ಕೈ ಸರಿಯಿಲ್ಲ," ಎಂದ. "ಒತ್ತಬಾರದಮ್ಮಾ. ಗಣೀಲಿ ಬ್ಲಾಸ್ಟ್ ಆದ್ಮೇಲೆ ಒಳಗೆ ಹೋದ್ರೆ ಫಸ್ಟು ಏನ್ ಮಾಡ್ತೀವಿ ಗೊತ್ತಾ? ಕಂಬಿ ತಗೊಂಡು ತಲೆ ಮೇಲಿನ ಬಂಡೆ ತಟ್ತೀವಿ. ಟಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಒಳಗೆ ಬಿಟ್ಕೊಂಡಿದೆ, ಓಡು. ಆದ್ರೆ ಕಂಬೀನ ಮೆಲ್ಲ ಹಿಡೀಬೇಕು. ಒತ್ತಿದ್ರೆ ಬಂಡೆ ನಿಜ ಹೇಳಲ್ಲ. ಹೊಸ ಹುಡುಗರು ಭಯಕ್ಕೆ ಒತ್ತುತಾರೆ. ನೀವೂ ಭಯಕ್ಕೇ ಒತ್ತುತೀರ."

ನಿಜವಾಗಿತ್ತು. ಚಿತ್ರ ಜಾರಿಹೋದೀತೆಂಬ ಹೆದರಿಕೆಗೆ ನಾನು ಯಂತ್ರದ ಹಿಡಿಯನ್ನು ಅಮುಕಿ ಹಿಡಿಯುತ್ತಿದ್ದೆ, ಅದರ ಕೆಳಗೆ ಕೊಬ್ಬು ತೆಳ್ಳಗಾಗುತ್ತಿತ್ತು. ಅವನು ತನ್ನ ಒರಟು ಕೈಯನ್ನು ನನ್ನ ಕೈಯಡಿ ಇಟ್ಟು, "ಮೆಲ್ಲ... ಮೆಲ್ಲ... ಪೋದುಂ, ಸಾಕು," ಎಂದು ಹೇಳಿಕೊಟ್ಟ. ಕಾಲೇಜಿನಲ್ಲಿ ಐದು ವರ್ಷ ಕಲಿತವಳಿಗೆ ಮುಟ್ಟುವುದನ್ನು ಕಲಿಸಿದವನು ಅವನು. ಮುಂದಿನ ವಾರ ಯಂತ್ರವೂ ಹೆಬ್ಬೆರಳೂ ಹಾಳೆಯೂ ಮೂರೂ ಒಂದೇ ಮಾತು ಹೇಳಿದವು. ಆ ಖುಷಿಗೆ ಅವನು ಬನ್ನು, ಟೀ ಕೊಡಿಸಿದ.

ಮಾರ್ಗಶಿರ ಕಳೆದು ಮಳೆ ಹಿಂದೆ ಸರಿಯಿತು. ರಾಗಿ ಕೊಯ್ಲಾಗಿ ಮೆದೆಗಳು ಎದ್ದವು. ಬೆಳಗಿನ ಮಂಜಿನಲ್ಲಿ ಎಲ್ಲೆಲ್ಲೂ ಅವರೆಕಾಯಿಯ ಸೊಗಡು. ಸಂಕ್ರಾಂತಿಗೆ ಮೂರು ದಿನವಿರುವಾಗ ಕೊನೆಯ ಸ್ಕ್ಯಾನ್ ಇಟ್ಟುಕೊಂಡೆವು. ಅವತ್ತಿನ ಅಳತೆಯೇ ತೀರ್ಮಾನ, ಹಬ್ಬ ಕಳೆದ ವಾರವೇ ಶೋಭಾಳ ಮದುವೆ.

ಡೈರಿಯ ಚಪ್ಪರದಡಿ ಊರಿಗೆ ಊರೇ ಸೇರಿತ್ತು. ಬೀಗರೂ ಬಂದಿದ್ದರು, ತಮ್ಮ ಟಗರಿಗೆ ಎಷ್ಟು ಮಾರ್ಕ್ಸ್ ಬರುತ್ತದೋ ನೋಡಲು. ವೆಂಕಟಮ್ಮ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಕಟ್ಟಕಡೆಗೆ ನಿಂತಳು. ಒಂದೊಂದೇ ಟಗರು ಬಂತು, ಹೋಯಿತು. ನಾನು ಉಣ್ಣೆ ವಾಪಸ್ ಕೊಡುತ್ತ ಹೋದೆ. ಚುಕ್ಕನ ಸರದಿ ಬರುವಷ್ಟರಲ್ಲಿ ಮೊದಲ ಎರಡು ಸ್ಥಾನ ಯಾರವೆಂದು ನನ್ನ ಪುಸ್ತಕದಲ್ಲಿತ್ತು. ಎರಡನ್ನೂ ಮೀರಿಸದಿದ್ದರೂ ಸರಿ, ಎರಡನೆಯದನ್ನು ಮೀರಿಸಿದರೆ ಸಾಕಿತ್ತು.

ಸೆಲ್ವಣ್ಣ ಚುಕ್ಕನನ್ನು ಮೊಣಕಾಲ ನಡುವೆ ಹಿಡಿದುಕೊಂಡ. ನಾನು ಉಣ್ಣೆ ಕತ್ತರಿಸಿ ಜೇಬಿಗೆ ಹಾಕಿಕೊಂಡು, ಎಣ್ಣೆ ಸವರಿ, ಯಂತ್ರದ ಹಿಡಿಯನ್ನಿಟ್ಟೆ. ಅಳೆದೆ. ಮೂರನೆಯವನು. ಎರಡನೆಯವನಿಗೂ ಇವನಿಗೂ ಒಂದು ಅಕ್ಕಿಕಾಳಿನ ದಪ್ಪದಷ್ಟು ಅಂತರ. ತೆಗೆದು ಮತ್ತೆ ಇಟ್ಟೆ. ಅಷ್ಟೇ. ಮೂರನೆಯ ಸಲ ಇಟ್ಟೆ.

ವೆಂಕಟಮ್ಮ ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು. ಕೈಯನ್ನು ಒಂಚೂರು ಓರೆ ಮಾಡಿದರೆ ಪರದೆಯ ಮೇಲಿನ ಮೊಟ್ಟೆಯಾಕಾರ ದಪ್ಪಗಾಗುತ್ತದೆ, ಅಳತೆ ಹೆಚ್ಚುತ್ತದೆ. ಅದನ್ನು ಕಂಡುಹಿಡಿಯುವವರು ಆ ಊರಲ್ಲಿ ಯಾರೂ ಇರಲಿಲ್ಲ. ಮನಸ್ಸು ಆಗಲೇ ಓರೆಯಾಗಿತ್ತು, ಕೈಯೊಂದು ಉಳಿದಿತ್ತು. ಸೆಲ್ವಣ್ಣನ ಹೆಬ್ಬೆರಳು ಚುಕ್ಕನ ಬೆನ್ನಿನ ಮೇಲಿತ್ತು. ಅವನಿಗೂ ಗೊತ್ತಾಗಿತ್ತು. ನನ್ನ ಕಡೆ ನೋಡಿ, ಬಹಳ ಸಣ್ಣ ದನಿಯಲ್ಲಿ, "ಮೆಲ್ಲಮ್ಮಾ," ಎಂದ.

ಎರಡನೆಯ ಸ್ಥಾನದ ಟಗರು ಮೊದಲ ದಿನ ಕಣ್ಣೊರೆಸಿಕೊಂಡ ಆ ಮುದುಕಿಯದು. ಚುಕ್ಕನನ್ನು ಮೇಲೆತ್ತಿದರೆ ಅವಳದು ಕೆಳಗೆ ಬೀಳುತ್ತದೆ, ಸಂತೆಗೆ ಹೋಗುತ್ತದೆ. ಕೈ ನೆಟ್ಟಗೆ ಮಾಡಿಕೊಂಡೆ. ಕಂಡದ್ದನ್ನೇ ಬರೆದೆ.

"ಮೂರನೇದು," ಎಂದೆ. "ಬಾಳ ಸ್ವಲ್ಪದಾಗ ಹೋತು, ವೆಂಕಟಮ್ಮ."

ಬೀಗರು ತೊಡೆ ತಟ್ಟಿಕೊಂಡರು. "ಮೂರ್ನೇದಾ? ನಮಗೆ ಅದೇ ಸಾಕು ಬುಡಿ! ನಾರಾಯಣಪ್ಪ, ಹಗ್ಗ ಹಿಡ್ಕಳಪ್ಪ!"

ನಾರಾಯಣಪ್ಪ ಒಂದು ಹೆಜ್ಜೆ ಮುಂದೆ ಬಂದು ಹಗ್ಗ ಹಿಡಿದ. ಅವನ ಮುಖದಲ್ಲೂ ಗೆಲುವಿರಲಿಲ್ಲ. ಮಾತು ಕೊಟ್ಟು ಸಿಕ್ಕಿಹಾಕಿಕೊಂಡವನು, ಪಾಪ. ನಾನು ಪದ್ಧತಿಯಂತೆ ಜೇಬಿನಿಂದ ಚುಕ್ಕನ ಉಣ್ಣೆ ತೆಗೆದು ವೆಂಕಟಮ್ಮನ ಮುಂದೆ ಚಾಚಿದೆ.

ಅವಳು ಕೈ ಚಾಚಲಿಲ್ಲ.

ನಾನು ಇನ್ನಷ್ಟು ಮುಂದೆ ಚಾಚಿದೆ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ತಪ್ಪು ಮಾಡಿದ ಮಕ್ಕಳು ಬೆತ್ತದ ಮುಂದೆ ನಿಲ್ಲುವಂತೆ, ಐವತ್ತರ ಹೆಂಗಸು ಹಾಗೆ ನಿಂತಿದ್ದಳು. ಕಣ್ಣು ನನ್ನ ಕಣ್ಣಿನಲ್ಲಿ. ನನಗೆ ಅರ್ಥವಾಗಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ಹಿಡಿಯಿತು. ನಾನು ಮುಷ್ಟಿ ಮುಚ್ಚಿ ಉಣ್ಣೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

"ಕತ್ರಿ ಬಿದ್ದೈತೆ," ಎಂದಳು ವೆಂಕಟಮ್ಮ, ಎಲ್ಲರಿಗೂ ಕೇಳುವಂತೆ. "ಕೂದ್ಲು ಡಾಕ್ಟ್ರಮ್ಮನ ಜೇಬಲ್ಲೈತೆ. ಇವನು ಇನ್ ನಮ್ಮೋನಲ್ಲ. ಆಯಮ್ಮನ ಮಾಲ್ನ ಬೀಗ್ರಿಗೆ ಎಂಗೆ ಇಕ್ಕಾದು?"

ನಾರಾಯಣಪ್ಪ ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ, ಬೀಗರನ್ನು ನೋಡಿದ. ಹಿಡಿದಿದ್ದ ಹಗ್ಗವನ್ನು ಬೆಂಕಿ ಮುಟ್ಟಿದವನಂತೆ ಬಿಟ್ಟುಬಿಟ್ಟ. "ಕತ್ರಿ ಬಿದ್ಮೇಲೆ ನಮ್ದೇನೈತೆ ಬೀಗ್ರೇ," ಎಂದ. ಆ ದನಿಯಲ್ಲಿದ್ದ ನಿರಾಳ ಕಿವುಡರಿಗೂ ಕೇಳಿಸುವಂತಿತ್ತು.

ಎಲ್ಲರೂ ಬೀಗರ ಕಡೆ ತಿರುಗಿದರು. ಅವರು ಆ ಸೀಮೆಯವರೇ, ಆ ಸಂತೆಗಳಲ್ಲೇ ಕೂದಲು ಕೊಟ್ಟು ತೆಗೆದುಕೊಂಡು ಬೆಳೆದವರು. ಚುಕ್ಕನ ಬೆನ್ನನ್ನು ಕೊನೆಯ ಸಲ ಆಸೆಯಿಂದ ನೋಡಿದರು. ಅಮುಕಲು ಮುಂದೆ ಬಂದ ಕೈಯನ್ನು ತಾವೇ ಹಿಂದಕ್ಕೆ ಎಳೆದುಕೊಂಡರು. "ಪರರ ಮಾಲು ಮುಟ್ಬಾರ್ದು," ಎಂದು ನಿಟ್ಟುಸಿರಿಟ್ಟರು. "ಅಲ್ಲಮ್ಮ, ಮಾಂಸ ತಿನ್ನದೋರು ನೀವು. ಟಗರು ಕೊಂಡ್ಕಂಡು ಏನ್ ಮಾಡ್ತೀರಿ?"

"ನೋಡ್ತೇನ್ರಿ," ಎಂದೆ.

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಬೀಗರೂ ನಕ್ಕರು. ಬೀಗರೂಟಕ್ಕೆ ಸೆಲ್ವಣ್ಣ ತನ್ನ ದೊಡ್ಡಿಯಿಂದ ಎರಡು ಟಗರು ಹೊಡೆದುಕೊಂಡು ಬಂದ. ಅವುಗಳ ದುಡ್ಡಿನ ಲೆಕ್ಕವನ್ನು ನಾನೂ ಅವನೂ ನಮ್ಮಲ್ಲೇ ಸರಿಮಾಡಿಕೊಂಡೆವು. ಊಟದ ದಿನ ಬೀಗರು ಮೂಳೆ ಚೀಪುತ್ತ, "ಆ ಮೂರ್ನೇದಾಗಿದ್ರೆ ಇನ್ನೂ ಚೆಂದಾಗಿರೋದು," ಎಂದು ಎರಡು ಸಲ ಅಂದರಂತೆ, ಅಷ್ಟೇ. ನನಗೆ ಒಳಗೆ ಬೇರೆ ಎಲೆ ಹಾಕಿ ಮುದ್ದೆ, ಹಿತಕಿದ ಅವರೆಬೇಳೆ ಸಾರು ಬಡಿಸಿದ್ದರು.

ಉರಿಗಾಂನ ಬಾಡಿಗೆ ಮನೆಯಲ್ಲಿ ಟಗರು ಕಟ್ಟಲು ಜಾಗವೆಲ್ಲಿ? ನನ್ನ ಟಗರನ್ನು ವೆಂಕಟಮ್ಮ ತನ್ನ ಮನೆಯಲ್ಲೇ ಸಾಕಿಕೊಡಬೇಕೆಂದು ಕೇಳಿಕೊಂಡೆ. ಬಹಳ ಉಪಕಾರ ಮಾಡುವವಳಂತೆ ಗಂಭೀರವಾಗಿ ಒಪ್ಪಿದಳು. ಯುಗಾದಿಗೆ ಕೆಲಸ ಮುಗಿಯಿತು, ಮರುವರ್ಷ ಕೆಜಿಎಫ್ ಬಿಟ್ಟೆವು. ಆದರೆ ತಿಂಗಳಿಗೊಮ್ಮೆ ಫೋನ್ ಬರುವುದು ನಿಲ್ಲಲಿಲ್ಲ. "ನಿಮ್ ಟಗರು ಚೆಂದಾಗವ್ನೆ." "ನಿಮ್ ಟಗರು ಪಕ್ಕದ ಮನೆ ಕೋಸು ತಿಂದ್ಬುಟ್ಟ, ಬಯ್ಸ್ಕಂಡೆ." ಎಂಟು ವರ್ಷದಲ್ಲಿ ಒಂದು ದಿನವೂ ಅವಳು 'ನಮ್ಮ' ಎನ್ನಲಿಲ್ಲ. ಸಾಕಿದ್ದು ಅವಳು, ಪಕ್ಕದಲ್ಲಿ ಮಲಗಿಸಿಕೊಂಡದ್ದು ಅವಳು. ಆದರೆ ಕೂದಲು ನನ್ನ ಬೀರುವಿನಲ್ಲಿತ್ತು. ಆ ಮಾತಿನ ಬಲದ ಮೇಲೆ ಅವನ ಜೀವ ನಿಂತಿತ್ತು, ಅದನ್ನು ಅವಳು ತಮಾಷೆಗೂ ಸಡಿಲಿಸಲಿಲ್ಲ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸೆಲ್ವಣ್ಣ ಮಗನ ಆಟೋದಲ್ಲಿ ಕಾದಿದ್ದ. ತಲೆ ಪೂರಾ ಬೆಳ್ಳಗಾಗಿದೆ. ನೇರ ಹಳ್ಳಿಗೆ ಕರೆದುಕೊಂಡು ಹೋದ. ವೆಂಕಟಮ್ಮನ ಮನೆಯ ಹಿಂದೆ, ಹೊಂಗೆಮರದ ಬುಡದಲ್ಲಿ, ಹೊಸ ಮಣ್ಣಿನ ಗುಡ್ಡೆ. ಅದರ ಮೇಲೆ ಒಂದು ಕಂತೆ ಅಗಸೆಸೊಪ್ಪು ಬಾಡಿತ್ತು. ನಾರಾಯಣಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಆಚೆ ಹೋದ.

"ವಯಸ್ಸಾಗಿತ್ತು," ಎಂದಳು ವೆಂಕಟಮ್ಮ. "ರಾತ್ರಿ ಮಲ್ಗಿದೋನು ಬೆಳಿಗ್ಗೆ ಏಳ್ಲಿಲ್ಲ. ಕಾಯಕ್ಕಾಗ್ಲಿಲ್ಲ, ಮಣ್ಣು ಮಾಡ್ಬುಟ್ವಿ. ನಿಮ್ಮ ಮಾಲು, ನಿಮ್ಮನ್ನ ಕೇಳ್ದೆ."

ನಾನು ಡಬ್ಬಿ ತೆರೆದು ಉಣ್ಣೆಯನ್ನು ಅಂಗೈಗೆ ಹಾಕಿಕೊಂಡೆ. ಎಂಟು ವರ್ಷದ ಹಿಂದಿನಂತೆಯೇ ಅವಳ ಮುಂದೆ ಚಾಚಿದೆ. ಈ ಸಲ ಅವಳು ಎರಡೂ ಕೈ ಜೋಡಿಸಿ, ಬೊಗಸೆ ಮಾಡಿ ಒಡ್ಡಿದಳು. ನಾನು ಅದರೊಳಗೆ ಇಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಮೊದಲ ದಿನ ಹಾಕಿದ ಹಾಗೆಯೇ. ಆಮೇಲೆ ಮಣ್ಣಿನ ಗುಡ್ಡೆಯ ಪಕ್ಕ ಕೂತು ಅದನ್ನು ಸವರಿದಳು.

"ನಮ್ ಚುಕ್ಕ," ಎಂದಳು. "ನಮ್ಮೋನು ಕಣಮ್ಮ ಇವನು, ನಮ್ಮೋನು." ಎಂಟು ವರ್ಷ ಹಿಡಿದಿಟ್ಟಿದ್ದ ಅಳುವನ್ನು ಬಿಟ್ಟು ಅತ್ತಳು. ನಾನೂ ಪಕ್ಕದಲ್ಲಿ ಕೂತು ಅತ್ತೆ.